ಪಂಪ್‌ನಲ್ಲಿ ತಪ್ಪು ಸಿಗುತ್ತಿಲ್ಲ, ಆದರೂ ಪ್ರೆಶರ್ 3.3: ಹಡಗಿನ ಜನರೇಟರ್ ಲೂಬ್ ಆಯಿಲ್ ಬಗ್ಗೆ ಸ್ವಲ್ಪ ಸಹಾಯ ಮಾಡಿ

ತೊಗರಿನಾಡು_ಫೋರ್ತ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಹಡಗಿನಲ್ಲಿ ಫೋರ್ತ್ ಎಂಜಿನಿಯರ್. ರಜೆ ಮೇಲೆ ಕಲಬುರಗಿಗೆ ಬಂದು ಹನ್ನೆರಡು ದಿನ ಆಯಿತು. ಸಿಂಗಪುರದಲ್ಲಿ ಇಳಿದೆ, ಮುಂಬೈವರೆಗೆ ವಿಮಾನ, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್. ರೊಟ್ಟಿ, ಎಣ್ಣೆಗಾಯಿ ತಿಂದು ಫ್ಯಾನ್ ಕೆಳಗೆ ಬಿದ್ದುಕೊಳ್ಳೋಣ ಅಂದರೆ ಹಡಗು ನನ್ನನ್ನು ಬಿಡುತ್ತಿಲ್ಲ. ನನ್ನ ಜಾಗಕ್ಕೆ ಹೋದ ಗೆಳೆಯ ದಿನಾ ಮೆಸೇಜ್ ಹಾಕುತ್ತಿದ್ದಾನೆ.

ಸಮಸ್ಯೆ ಇದು. ಮೂರು ಜನರೇಟರ್‌ಗಳಲ್ಲಿ ಎರಡನೆಯದು. ಫೋರ್ ಸ್ಟ್ರೋಕ್, ಆರು ಸಿಲಿಂಡರ್, 720 ಆರ್‌ಪಿಎಂ. ಎಂಜಿನ್‌ಗೇ ಜೋಡಿಸಿದ ಗೇರ್ ಪಂಪ್. ಮೊದಲು ಲೋಡ್ ಮೇಲೆ 4.6 ಬಾರ್ ತೋರಿಸುತ್ತಿತ್ತು. ಈಗ ಸ್ಟಾರ್ಟ್ ಮಾಡಿದ ತಕ್ಷಣ 4.5, ಎಣ್ಣೆ ಬಿಸಿಯಾಗುತ್ತಾ ಇಳಿದು ಒಂದು ಗಂಟೆಯಲ್ಲಿ 3.3ಕ್ಕೆ ಬಂದು ನಿಲ್ಲುತ್ತದೆ. 3.0ಕ್ಕೆ ಅಲಾರಂ, 2.5ಕ್ಕೆ ಟ್ರಿಪ್, ಅಂದರೆ ಎಂಜಿನ್ ತಾನಾಗೇ ನಿಲ್ಲುತ್ತದೆ. ಇನ್ನೂ ಓಡುತ್ತಿದೆ, ಆದರೆ ಯಾರಿಗೂ ನಿದ್ದೆ ಇಲ್ಲ.

ಅವನು ಇಲ್ಲಿವರೆಗೆ ನೋಡಿದ್ದು: ಗೇಜ್ ಬದಲಿಸಿ ನೋಡಿದ, ಅದೇ ರೀಡಿಂಗ್. ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಲೆವೆಲ್ ಸರಿ ಇದೆ. ಸಕ್ಷನ್ ಸ್ಟ್ರೈನರ್ (ಪಂಪ್ ಎಣ್ಣೆ ಎಳೆಯುವ ಕಡೆಯ ಜರಡಿ) ಬಿಚ್ಚಿ ತೊಳೆದ. ಡುಪ್ಲೆಕ್ಸ್ ಫಿಲ್ಟರ್ ಮುಂದೆ ಹಿಂದೆ ವ್ಯತ್ಯಾಸ 0.3 ಬಾರ್ ಮಾತ್ರ. ಎಣ್ಣೆ ಎಂಜಿನ್‌ಗೆ ಹೋಗುವಾಗ 64 ಡಿಗ್ರಿ, ಅದು ಮಾಮೂಲು. ಪ್ರೆಶರ್ ರೆಗ್ಯುಲೇಟಿಂಗ್ ವಾಲ್ವ್ (ಪ್ರೆಶರ್ ಹೆಚ್ಚಾದರೆ ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುವುದು) ಬಿಚ್ಚಿ, ಸೀಟ್ ಉಜ್ಜಿ ಕೂರಿಸಿದ.

ಚೀಫ್ ಎಂಜಿನಿಯರ್ ಹೊಸ ಪಂಪ್‌ಗೆ ಆರ್ಡರ್ ಹಾಕಲು ಹೊರಟಿದ್ದಾರೆ. ನನಗೆ ಯಾಕೋ ಪಂಪ್ ಅಲ್ಲ ಅನ್ನಿಸುತ್ತಿದೆ. ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ.

ಶಹಾಬಾದ್_ಬಂಡೆ

ಸಮುದ್ರವೇ ಇಲ್ಲದ ಊರಲ್ಲಿ ಕೂತು ಹಡಗಿನ ಪ್ರಶ್ನೆ ಕೇಳೋದು ನಮ್ಮವರಿಗೆ ಮಾತ್ರ ಸಾಧ್ಯ 😄 ನನ್ನ ಕಲ್ಲಿನ ಮಷೀನ್ ಜನರೇಟರ್‌ಗೂ ಹೀಗೇ ಆಗಿತ್ತು. ದಪ್ಪ ಎಣ್ಣೆ ಹಾಕಿದೆ, ಮುಳ್ಳು ಮೇಲೆ ಬಂತು. ಮುಗಿಯಿತು.

ಬೀದರ್_ಹಳೇಚೀಫ್

ಬಂಡೆ ಅವರೇ, ಮುಳ್ಳು ಮೇಲೆ ಬಂತು, ಸರಿ. ಎಂಜಿನ್ ಎಷ್ಟು ದಿನ ಬಂತು?

ಶಹಾಬಾದ್_ಬಂಡೆ

ಏಳು ತಿಂಗಳು. ಆಮೇಲೆ ಕ್ರ್ಯಾಂಕ್ ಹೋಯಿತು. ಅದು ಬೇರೆ ಕತೆ.

ಬೀದರ್_ಹಳೇಚೀಫ್

ಬೇರೆ ಕತೆ ಅಲ್ಲ, ಅದೇ ಕತೆ. ಜ್ವರ ಬಂದಾಗ ಥರ್ಮಾಮೀಟರನ್ನು ತಣ್ಣೀರಲ್ಲಿ ಅದ್ದಿ ನೋಡಿದ ಹಾಗೆ ಆಯಿತು.

ಫೋರ್ತ್, ನಿನ್ನ ವಿಷಯಕ್ಕೆ ಬರುತ್ತೇನೆ. ನಾನು ಹಡಗು ಬಿಟ್ಟು ಬೀದರ್‌ಗೆ ಬಂದು ಕೂತು ಆರು ವರ್ಷ ಆಯಿತು. ಆದರೆ ಮರೆತಿಲ್ಲ. ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ಗೇರ್ ಪಂಪ್ ಆಗಲಿ, ಸ್ಕ್ರೂ ಪಂಪ್ ಆಗಲಿ, ಅದು ಕೊಡುವುದು ಎಣ್ಣೆಯನ್ನು, ಪ್ರೆಶರನ್ನಲ್ಲ. ಒಂದು ಸುತ್ತು ತಿರುಗಿದರೆ ಇಷ್ಟು ಎಣ್ಣೆ ಅಂತ ತಳ್ಳುತ್ತದೆ, ಅಷ್ಟೇ. ಆ ಎಣ್ಣೆ ಬೇರಿಂಗ್‌ಗಳ ಸಣ್ಣ ಸಂದಿಯಲ್ಲಿ ನುಗ್ಗಲು ಕಷ್ಟ ಪಡುತ್ತದಲ್ಲ, ಆ ಕಷ್ಟವೇ ಗೇಜ್ ಮೇಲೆ ಕಾಣುವುದು. ಹಾಗಾಗಿ ಪ್ರೆಶರ್ ಬಿದ್ದರೆ ಕೇಳಬೇಕಾದ ಪ್ರಶ್ನೆ ಮೂರೇ. ಪಂಪ್‌ಗೆ ಸಾಕಷ್ಟು ಎಣ್ಣೆ ಬರುತ್ತಿದೆಯಾ? ಪಂಪ್ ಅದನ್ನು ಪೂರ್ತಿ ತಳ್ಳುತ್ತಿದೆಯಾ? ತಳ್ಳಿದ ಎಣ್ಣೆ ಬೇರೆ ಸುಲಭದ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತಿದೆಯಾ?

ಮೊದಲನೆಯದಕ್ಕೆ: ಸಕ್ಷನ್ ಕಡೆ ಗೇಜ್ ಇದೆಯಾ? ಎಷ್ಟು ತೋರಿಸುತ್ತಿದೆ? ಪಂಪ್ ಹತ್ತಿರ ಕಲ್ಲು ಜರಡಿ ಹಿಡಿದ ಹಾಗೆ ಸದ್ದು ಬರುತ್ತಿದೆಯಾ? ಕ್ರ್ಯಾಂಕ್‌ಕೇಸ್‌ನಿಂದ (ಕ್ರ್ಯಾಂಕ್ ತಿರುಗುವ ಎಂಜಿನ್ ಹೊಟ್ಟೆ) ತೆಗೆದ ಎಣ್ಣೆಯಲ್ಲಿ ನೊರೆ ಇದೆಯಾ?

ಡಿಪ್ಲೊಮಾ_ಹುಡುಗಿ (ಕಲಬುರಗಿ)

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮೆಕ್ಯಾನಿಕಲ್ ಕೊನೆ ವರ್ಷ. ಸಕ್ಷನ್ ಲೈನ್‌ನಲ್ಲಿ ಗಾಳಿ ಸೇರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಸೋಪು ನೀರು ಹಾಕಿದರೆ ಗುಳ್ಳೆ ಬರುವುದಿಲ್ಲ ಅಲ್ವಾ, ಒಳಗೆ ಎಳೆದುಕೊಳ್ಳುತ್ತಿರುತ್ತದೆ.

ಬೀದರ್_ಹಳೇಚೀಫ್

ಒಳ್ಳೆ ಪ್ರಶ್ನೆ. ಗುಳ್ಳೆ ಬರುವುದಿಲ್ಲ. ನಾವು ಫ್ಲೇಂಜ್ (ಪೈಪ್‌ಗಳನ್ನು ಜೋಡಿಸುವ ಬಿಲ್ಲೆ) ಸುತ್ತ ಶೇವಿಂಗ್ ಫೋಮ್ ಹಚ್ಚುತ್ತಿದ್ದೆವು. ಸೋರುವ ಕಡೆ ಫೋಮ್ ಒಳಗೆ ಹೋಗಿ ಸಣ್ಣ ಗುಳಿ ಬೀಳುತ್ತದೆ. ಅದೂ ಇಲ್ಲದಿದ್ದರೆ ಜಾಯಿಂಟ್ ಮೇಲೆ ಸ್ವಲ್ಪ ಎಣ್ಣೆ ಸುರಿ. ಪಂಪ್ ಸದ್ದು ಒಂದು ಕ್ಷಣ ಬದಲಾದರೆ ಅಲ್ಲೇ ಕಳ್ಳ. ಪಂಪ್ ಶಾಫ್ಟ್ ಸೀಲ್ ಕೂಡ ಮರೆಯಬೇಡ. ಎಣ್ಣೆ ಹೊರಗೆ ಸೋರದೆ ಇದ್ದರೂ ಗಾಳಿಯನ್ನು ಒಳಗೆ ಬಿಡಬಹುದು.

ತೊಗರಿನಾಡು_ಫೋರ್ತ್

ಗೆಳೆಯನಿಂದ ಉತ್ತರ ಬಂತು. ಸಕ್ಷನ್ ಗೇಜ್ ಮೊದಲಿನ ಹಾಗೇ ಇದೆ. ನೊರೆ ಇಲ್ಲ, ಸದ್ದು ಇಲ್ಲ. ಎಣ್ಣೆಯ ವಿಸ್ಕಾಸಿಟಿ (ಎಷ್ಟು ದಪ್ಪ ಅನ್ನುವುದು) ಹಡಗಿನ ಕಿಟ್‌ನಲ್ಲಿ ನೋಡಿದ್ದಾನೆ, ಹೊಸ ಎಣ್ಣೆಗೆ ಹತ್ತಿರವೇ ಇದೆ. ಡೀಸೆಲ್ ಬೆರೆತಿಲ್ಲ, ನೀರೂ ಇಲ್ಲ.

ಇನ್ನೊಂದು. ಸೆಕೆಂಡ್ ಎಂಜಿನಿಯರ್ ರೆಗ್ಯುಲೇಟಿಂಗ್ ವಾಲ್ವ್ ಸ್ಕ್ರೂವನ್ನು ಒಂದೂವರೆ ಸುತ್ತು ಬಿಗಿ ಮಾಡಿದರಂತೆ. ಮುಳ್ಳು ಅಲ್ಲಾಡಲೇ ಇಲ್ಲ.

ಶಹಾಬಾದ್_ಬಂಡೆ

ಬಿಗಿ ಮಾಡಿದರೂ ಏರಲಿಲ್ಲ ಅಂದರೆ ಪಂಪೇ ಹೋಗಿದೆ. ಹೊಸದು ತರಿಸಿ.

ಬೀದರ್_ಹಳೇಚೀಫ್

ಅವಸರ ಬೇಡ. ಆ ವಾಲ್ವ್ ತೆರೆಯುವುದು 4.6ಕ್ಕೆ. ಲೈನಿನಲ್ಲಿ ಇರುವುದೇ 3.3. ಅಂದರೆ ವಾಲ್ವ್ ಆಗಲೇ ಪೂರ್ತಿ ಮುಚ್ಚಿಕೊಂಡಿದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರೆ ಏನು ಬದಲಾಗುತ್ತದೆ? ಸೀಟ್ ಚೆನ್ನಾಗಿ ಕೂತಿದೆ ಅಂತ ಮಾತ್ರ ಇದರಿಂದ ಗೊತ್ತಾಯಿತು. ಅಂದರೆ ಎಣ್ಣೆ ಆ ದಾರಿಯಲ್ಲಿ ಹೋಗುತ್ತಿಲ್ಲ. ಅದೂ ಒಂದು ಸುಳಿವೇ.

ಆದರೆ ಆ ಸೆಕೆಂಡ್‌ಗೆ ಹೇಳು, ಬಿಗಿ ಮಾಡುವ ಮೊದಲು ಸ್ಕ್ರೂವಿನ ಎಷ್ಟು ದಾರ (ಥ್ರೆಡ್) ಹೊರಗಿತ್ತು ಅಂತ ಬರೆದಿಟ್ಟಿದ್ದಾರಾ ಅಂತ. ಇದು ಭಾಳ ಮುಖ್ಯ. ನಿಜವಾದ ತಪ್ಪು ಸಿಕ್ಕಿದ ಮೇಲೆ ಈ ಒಂದೂವರೆ ಸುತ್ತು ನಿಮ್ಮನ್ನು ಕಚ್ಚುತ್ತದೆ.

ಡಿಪ್ಲೊಮಾ_ಹುಡುಗಿ

ತಣ್ಣಗಿದ್ದಾಗ 4.5 ಇದ್ದು ಬಿಸಿಯಾದ ಮೇಲೆ ಬೀಳುವುದು ಯಾಕೆ? ಬೇರಿಂಗ್ ಸವೆದಿದ್ದರೂ ಹೀಗೇ ಆಗುತ್ತದೆ ಅಲ್ವಾ?

ಬೀದರ್_ಹಳೇಚೀಫ್

ಆಗುತ್ತದೆ. ಜನರೇಟರ್‌ಗೆ ಹಾಕುವ 40 ಗ್ರೇಡ್ ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 140 ಸೆಂಟಿಸ್ಟೋಕ್ಸ್ (ವಿಸ್ಕಾಸಿಟಿಯ ಅಳತೆ) ಇರುತ್ತದೆ. 100 ಡಿಗ್ರಿಗೆ ಹೋದರೆ 14ರ ಆಸುಪಾಸು. ಹತ್ತು ಪಟ್ಟು ತೆಳು. ತಣ್ಣಗಿದ್ದಾಗ ಜೋನಿ ಬೆಲ್ಲ, ಬಿಸಿಯಾದರೆ ಸಾರಿನ ತಿಳಿ. ಎಲ್ಲಿ ಸಂದಿ ಇದ್ದರೂ ತೆಳು ಎಣ್ಣೆ ಬೇಗ ಹೋಗುತ್ತದೆ. ಹಾಗಾಗಿ ಬಿಸಿಯಾದ ಮೇಲೆ ಬೀಳುತ್ತಿದೆ ಅಂದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ, ಎಲ್ಲಿ ಅಂತ ಅಲ್ಲ. ಪಂಪ್ ಒಳಗಿನ ಗೇರ್ ಸವೆದಿರಬಹುದು, ಬೇರಿಂಗ್ ಸವೆದಿರಬಹುದು, ಬೇರೆ ಇನ್ನೇನೋ ಇರಬಹುದು.

ಬೇರಿಂಗ್ ಸಂದಿ ಎರಡು ಪಟ್ಟು ಆದರೆ ಎಣ್ಣೆ ಎರಡು ಪಟ್ಟು ಹೋಗುವುದಿಲ್ಲ, ಎಂಟು ಪಟ್ಟು ಹೋಗುತ್ತದೆ. ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಕೆಲಸ. ಫೋರ್ತ್, ಇದು ನಿಧಾನಕ್ಕೆ ಬಿತ್ತಾ, ಒಮ್ಮೆಲೇ ಬಿತ್ತಾ? ಹಿಂದಿನ ಲಾಗ್ ಪುಸ್ತಕ ನೋಡಿ ಹೇಳು.

ತೊಗರಿನಾಡು_ಫೋರ್ತ್

ಒಮ್ಮೆಲೇ. ನಾನು ಇಳಿಯುವ ಎರಡು ದಿನ ಮುಂಚೆ ಈ ಎಂಜಿನ್‌ನ ರುಟೀನ್ ಕೆಲಸ ಮುಗಿಸಿದ್ದೆವು. ಎಣ್ಣೆ ಬದಲು, ಫಿಲ್ಟರ್, ಕೂಲರ್ ಸ್ವಚ್ಛ, ಒಂದೆರಡು ಜಾಯಿಂಟ್ ಹೊಸದು. ಅದಾದ ಮೇಲೆ ಲೋಡ್ ಮೇಲೆ ಓಡಿಸಿದ್ದು ಅವನು ಬಂದ ಮೇಲೆಯೇ.

ಬೀದರ್_ಹಳೇಚೀಫ್

ಈ ಮಾತನ್ನು ಮೊದಲ ಪೋಸ್ಟ್‌ನಲ್ಲೇ ಬರೆಯಬೇಕಿತ್ತು ಮಾರಾಯ! ಕೈ ಹಾಕಿದ ಮೇಲೆ ಬಂದ ರೋಗ ಅಂದರೆ ಕೈ ಹಾಕಿದ ಜಾಗದಲ್ಲೇ ಹುಡುಕಬೇಕು.

ಎಂಜಿನ್ ನಿಲ್ಲಿಸಿ, ಕ್ರ್ಯಾಂಕ್‌ಕೇಸ್ ಬಾಗಿಲು ತೆಗೆದು, ಪ್ರೈಮಿಂಗ್ ಪಂಪ್ (ಎಂಜಿನ್ ನಿಂತಿರುವಾಗ ಎಣ್ಣೆ ತಳ್ಳುವ ಸಣ್ಣ ಮೋಟಾರ್ ಪಂಪ್) ಹಾಕಿ ನೋಡಲು ಹೇಳು. ಎಲ್ಲಾ ಬೇರಿಂಗ್‌ಗಳಿಂದ ಎಣ್ಣೆ ಒಂದೇ ಸಮ ಸಣ್ಣ ಮಳೆಯ ಹಾಗೆ ಬೀಳಬೇಕು. ಟರ್ನಿಂಗ್ ಗೇರ್‌ನಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಪ್ರತಿಯೊಂದನ್ನೂ ನೋಡಬೇಕು. ಎಲ್ಲಾದರೂ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿದ್ದರೆ ಒಳಗಿನ ಪೈಪ್ ಕಳಚಿರುತ್ತದೆ ಅಥವಾ ಬೇರಿಂಗ್ ಹೋಗಿರುತ್ತದೆ.

ಆದರೆ ಬಾಗಿಲನ್ನು ನಿಲ್ಲಿಸಿದ ಕೂಡಲೇ ತೆಗೆಯಬಾರದು. ಕೈಪಿಡಿ ಹೇಳಿದಷ್ಟು ಹೊತ್ತು ತಣಿಯಲು ಬಿಡಬೇಕು. ಒಳಗೆ ಎಲ್ಲೋ ಕೆಂಪಗೆ ಕಾದಿದ್ದರೆ, ಎಣ್ಣೆ ಮಂಜು ತುಂಬಿದ್ದರೆ, ಗಾಳಿ ನುಗ್ಗಿದ ತಕ್ಷಣ ಸಿಡಿಯುತ್ತದೆ. 1947ರಲ್ಲಿ ರೀನಾ ಡೆಲ್ ಪೆಸಿಫಿಕೊ ಅನ್ನುವ ಹಡಗಿನ ಟ್ರಯಲ್‌ನಲ್ಲಿ ಕ್ರ್ಯಾಂಕ್‌ಕೇಸ್ ಸ್ಫೋಟವಾಗಿ 28 ಜನ ಸತ್ತರು. ಅತಿಯಾಗಿ ಕಾದ ಒಂದು ಪಿಸ್ಟನ್‌ನಿಂದ ಶುರುವಾದದ್ದು. ಹಡಗಿನ ಪರೀಕ್ಷೆಗೆ ಓದುವವರೆಲ್ಲ ಇದನ್ನು ಓದಿರುತ್ತಾರೆ. ಓದಿ ಮರೆಯುತ್ತಾರೆ.

ಶಹಾಬಾದ್_ಬಂಡೆ

ಒಂದು ಅನುಮಾನ. ಲೆವೆಲ್ ಸರಿ ಇದೆ ಅಂತ ಡಿಪ್‌ಸ್ಟಿಕ್ ನೋಡಿ ಹೇಳುತ್ತೀರಿ. ಹಡಗು ಅಲ್ಲಾಡುತ್ತಿರುತ್ತದಲ್ಲ, ಎಣ್ಣೆ ಆ ಕಡೆ ಈ ಕಡೆ ಹೋಗುವುದಿಲ್ಲವಾ?

ಬೀದರ್_ಹಳೇಚೀಫ್

ಬಂಡೆ ಅವರೇ, ಇದು ಮಾತ್ರ ಲಕ್ಷ ರೂಪಾಯಿ ಪ್ರಶ್ನೆ. ಹೋಗುತ್ತದೆ. ಹಡಗಿನ ಯಂತ್ರಗಳು 22.5 ಡಿಗ್ರಿವರೆಗೆ ಹೊರಳಾಡಿದರೂ ಕೆಲಸ ಮಾಡಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಆದರೆ ಸಂಪ್‌ನಲ್ಲಿ ಎಣ್ಣೆ ಕಡಿಮೆ ಇದ್ದರೆ ನಿಯಮ ಏನು ಮಾಡುತ್ತದೆ?

2019ರ ಮಾರ್ಚ್ 23ರಂದು ನಾರ್ವೆ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಅನ್ನುವ ಪ್ರಯಾಣಿಕರ ಹಡಗು ಬಿರುಗಾಳಿಯಲ್ಲಿ ಕರೆಂಟ್ ಕಳೆದುಕೊಂಡು ಬಂಡೆಗಳ ಕಡೆ ತೇಲಿತು. ಹಡಗಿನಲ್ಲಿ 1,373 ಜನ. 400ಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರಾಗಿ ಎತ್ತಬೇಕಾಯಿತು. ಕಾರಣ ಲೂಬ್ ಆಯಿಲ್. ಸಂಪ್‌ನಲ್ಲಿ ಎಣ್ಣೆ ಕಡಿಮೆ ಇತ್ತು, ಹಡಗು ಹೊರಳಾಡಿದಾಗ ಪಂಪ್‌ಗೆ ಎಣ್ಣೆ ಸಿಗಲಿಲ್ಲ, ಪ್ರೆಶರ್ ಬಿತ್ತು, ಎಂಜಿನ್‌ಗಳು ತಾವಾಗಿ ನಿಂತವು. ನಿಂತ ನೀರಲ್ಲಿ ಡಿಪ್‌ಸ್ಟಿಕ್ ನೋಡಿ ಸಾಕು ಅಂದುಕೊಂಡರೆ ಹೀಗಾಗುತ್ತದೆ.

ಆದರೆ ಫೋರ್ತ್ ಹಡಗು ಈಗ ಲಂಗರು ಹಾಕಿ ನಿಂತಿದೆ ಅಲ್ವಾ? ಹಾಗಾದರೆ ಈ ಸಲ ಅದಲ್ಲ.

ತೊಗರಿನಾಡು_ಫೋರ್ತ್

ಹೌದು ಸರ್, ಲಂಗರಿನಲ್ಲೇ ಇದೆ. ಬಾಗಿಲು ತೆಗೆದು ನೋಡಿದರು. ಎಣ್ಣೆ ಎಲ್ಲಾ ಕಡೆ ಸಮವಾಗಿ ಬೀಳುತ್ತಿದೆ, ತಳದಲ್ಲಿ ಲೋಹದ ಚೂರು ಇಲ್ಲ. ಪ್ರೈಮಿಂಗ್ ಪ್ರೆಶರ್ 0.8. ರುಟೀನ್ ಕೆಲಸಕ್ಕೆ ಮುಂಚೆಯೂ 0.8 ಇತ್ತು, ಲಾಗ್‌ನಲ್ಲಿದೆ.

ನಾಳೆ ಬೆಳಿಗ್ಗೆ ಪಂಪ್ ಬಿಚ್ಚುತ್ತಾರಂತೆ. ಗೇರ್ ಮತ್ತು ಕವರ್ ನಡುವಿನ ಸಂದಿ ಅಳೆಯಲು.

ಮಿಲ್_ಮಿಸ್ತ್ರಿ_ಯಾದಗಿರಿ

ಪಂಪ್ ಬಿಚ್ಚಬೇಡ್ರಿ. ಸ್ವಲ್ಪ ತಡೀರಿ.

ನಾನು ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ಹಡಗು ನೋಡಿದವನಲ್ಲ. ಈಗ ಯಾದಗಿರಿಯಲ್ಲಿ ಬೇಳೆ ಮಿಲ್‌ಗಳ ಜನರೇಟರ್ ರಿಪೇರಿ ಮಾಡುತ್ತೇನೆ. ಅದಕ್ಕೂ ಮೊದಲು ಒಂದು ಸಿಮೆಂಟ್ ಫ್ಯಾಕ್ಟರಿಯ ಪವರ್ ಹೌಸ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿದ್ದ ಎಂಜಿನ್‌ಗಳು ಹಡಗಿನ ಜಾತಿಯವೇ. ನಾವು ಬಾರ್ ಅನ್ನುವುದಿಲ್ಲ, ಕೆಜಿ ಅನ್ನುತ್ತೇವೆ. ಒಂದು ಕೆಜಿ ಅಂದರೆ 0.98 ಬಾರ್, ಹಾಗಾಗಿ ಜಗಳ ಇಲ್ಲ.

ನನಗೆ ಕಾಣುವುದು ಹೀಗೆ. ಪ್ರೈಮಿಂಗ್ ಪಂಪ್ ಹಾಕಿದಾಗ ಮೊದಲಿನಷ್ಟೇ ಪ್ರೆಶರ್ ಬರುತ್ತಿದೆ. ಅಂದರೆ ಎಂಜಿನ್ ಒಳಗೆ ಹೊಸ ತೂತು ಯಾವುದೂ ಆಗಿಲ್ಲ. ಬೇರಿಂಗ್ ಸರಿ, ಪೈಪ್ ಸರಿ. ಹಾಗಾದರೆ ಸೋರುವ ದಾರಿ ಎಂಜಿನ್ ಓಡುವಾಗ ಮಾತ್ರ ತೆರೆದಿರುತ್ತದೆ, ಪ್ರೈಮಿಂಗ್ ಹಾಕಿದಾಗ ಇರುವುದಿಲ್ಲ. ಅಂಥ ದಾರಿ ಎರಡೇ. ಒಂದು, ದೊಡ್ಡ ಪಂಪ್‌ನ ಹೊಟ್ಟೆ. ಎರಡು, ಪ್ರೈಮಿಂಗ್ ಪಂಪ್‌ನ ಲೈನೇ.

ಎರಡೂ ಪಂಪ್ ಅಕ್ಕಪಕ್ಕ ಒಂದೇ ಲೈನಿಗೆ ಎಣ್ಣೆ ಕೊಡುತ್ತವೆ. ಪ್ರೈಮಿಂಗ್ ಪಂಪ್ ಮುಂದೆ ಒಂದು ನಾನ್ ರಿಟರ್ನ್ ವಾಲ್ವ್ (ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವುದು) ಇರುತ್ತದೆ. ಎಂಜಿನ್ ಓಡುವಾಗ ಅದು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ದೊಡ್ಡ ಪಂಪ್ ತಳ್ಳಿದ ಎಣ್ಣೆಯಲ್ಲಿ ಒಂದು ಪಾಲು ಪ್ರೈಮಿಂಗ್ ಪಂಪ್ ಮೂಲಕ ಹಿಂದಕ್ಕೆ ಹೋಗಿ ಸಂಪ್‌ಗೆ ಬೀಳುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ.

ನೋಡುವುದು ಸುಲಭ. ಎಂಜಿನ್ ಓಡುತ್ತಿರುವಾಗ, ಪ್ರೈಮಿಂಗ್ ಮೋಟಾರ್ ಸ್ವಿಚ್ ಆಫ್ ಇರುವಾಗ, ಮೋಟಾರ್ ಹಿಂದಿನ ಫ್ಯಾನ್ ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಲು ಹೇಳ್ರಿ. ಫ್ಯಾನ್ ಉಲ್ಟಾ ತಿರುಗುತ್ತಿದ್ದರೆ ಕಳ್ಳ ಸಿಕ್ಕ. ಕೈ ಹಾಕಬಾರದು, ಕಣ್ಣು ಸಾಕು. ಆ ಪೈಪ್ ಮೇಲೆ ಅಂಗೈ ಇಟ್ಟರೂ ಗೊತ್ತಾಗುತ್ತದೆ, ಎಣ್ಣೆ ಹರಿಯದ ಪೈಪ್ ಅಷ್ಟು ಬಿಸಿ ಇರುವುದಿಲ್ಲ.

ಬೀದರ್_ಹಳೇಚೀಫ್

ಮಿಸ್ತ್ರಿ, ನಾನು ಕಿವಿ ಹಿಡಿದುಕೊಂಡೆ. ಮೇನ್ ಎಂಜಿನ್‌ನಲ್ಲಿ ಎರಡು ದೊಡ್ಡ ಪಂಪ್, ಒಂದು ಓಡುತ್ತದೆ, ಒಂದು ಸ್ಟ್ಯಾಂಡ್‌ಬೈ. ಪ್ರೆಶರ್ ಬಿದ್ದರೆ ಮೊದಲು ಸ್ಟ್ಯಾಂಡ್‌ಬೈ ಪಂಪ್ ಶಾಫ್ಟ್ ಹಿಂದಕ್ಕೆ ತಿರುಗುತ್ತಿದೆಯಾ ಅಂತಲೇ ನೋಡುತ್ತಿದ್ದೆವು. ಜನರೇಟರ್ ವಿಷಯದಲ್ಲಿ ಅದು ನನಗೆ ಹೊಳೆಯಲೇ ಇಲ್ಲ.

ಡಿಪ್ಲೊಮಾ_ಹುಡುಗಿ

ನಾನು ರಾತ್ರಿ ಹನ್ನೊಂದಕ್ಕೆ ಕೂತು ರಿಫ್ರೆಶ್ ಮಾಡುತ್ತಿದ್ದೇನೆ. ಯಾರಾದರೂ ಹೇಳಿ!

ತೊಗರಿನಾಡು_ಫೋರ್ತ್

ತಿರುಗುತ್ತಿದೆ!! ವಿಡಿಯೋ ಕಳಿಸಿದ್ದಾನೆ. ನಿಧಾನಕ್ಕೆ, ಸುಸ್ತಾದ ಟೇಬಲ್ ಫ್ಯಾನ್ ಹಾಗೆ, ಉಲ್ಟಾ. ಎಂಜಿನ್ ಸದ್ದಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಪೈಪ್ ಮೇಲೆ ಕೈ ಇಡಲು ಆಗುತ್ತಿಲ್ಲವಂತೆ.

ಬೇರೆ ಜನರೇಟರ್‌ಗೆ ಲೋಡ್ ಕೊಟ್ಟು ಇದನ್ನು ನಿಲ್ಲಿಸಿ ವಾಲ್ವ್ ಬಿಚ್ಚುತ್ತಿದ್ದಾರೆ.

ಮಿಲ್_ಮಿಸ್ತ್ರಿ_ಯಾದಗಿರಿ

ಒಳಗೆ ಏನಿತ್ತು ಹೇಳ್ರಿ. ಸ್ಪ್ರಿಂಗ್ ಮುರಿದಿರಬೇಕು, ಇಲ್ಲಾ ಬಟ್ಟೆ ದಾರ.

ತೊಗರಿನಾಡು_ಫೋರ್ತ್

ಎರಡೂ ಅಲ್ಲ. ಗ್ಯಾಸ್ಕೆಟ್ (ಜಾಯಿಂಟ್ ಸೋರದಂತೆ ನಡುವೆ ಇಡುವ ಹಾಳೆ) ತುಂಡು. ಕಿರುಬೆರಳಿನ ಉಗುರಿನಷ್ಟು, ಅರ್ಧ ಚಂದ್ರನ ಆಕಾರ. ವಾಲ್ವ್ ಡಿಸ್ಕ್ ಮತ್ತು ಸೀಟ್ ನಡುವೆ ಸಿಕ್ಕಿಕೊಂಡಿತ್ತು.

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ಪ್ರೈಮಿಂಗ್ ಪಂಪ್ ಫ್ಲೇಂಜ್ ಗ್ಯಾಸ್ಕೆಟ್ ಕತ್ತರಿಸಿದ್ದು ನಾನೇ. ಇಳಿಯುವ ಗಡಿಬಿಡಿ. ಪಂಚ್ (ತೂತು ಹೊಡೆಯುವ ಉಪಕರಣ) ಹುಡುಕುವ ಬದಲು ಶೀಟನ್ನು ಫ್ಲೇಂಜ್ ಮೇಲೇ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ಕತ್ತರಿಸಿದೆ. ತುಂಡು ಪೈಪ್ ಒಳಗೆ ಬಿದ್ದದ್ದು ಗೊತ್ತೇ ಆಗಲಿಲ್ಲ. ಹೊಸ ಪಂಪ್‌ಗೆ ಆರ್ಡರ್ ಹಾಕಿಸಲು ಹೊರಟಿದ್ದ ಚೀಫ್‌ಗೆ ಇದನ್ನು ಹೇಗೆ ಹೇಳುವುದೋ.

ಶಹಾಬಾದ್_ಬಂಡೆ

ಹೇಳಬೇಡಿ 😄

ಬೀದರ್_ಹಳೇಚೀಫ್

ಹೇಳು. ಇವತ್ತೇ ಹೇಳು. ಅದೇ ದಿನ ಇನ್ನೆಷ್ಟು ಗ್ಯಾಸ್ಕೆಟ್ ಹಾಗೆ ಕತ್ತರಿಸಿದೆ ಅಂತಲೂ ಹೇಳು.

ಇನ್ನೊಂದು, ಸ್ಟಾರ್ಟ್ ಮಾಡುವ ಮೊದಲು ಆ ಒಂದೂವರೆ ಸುತ್ತು ನೆನಪಿಸು.

ತೊಗರಿನಾಡು_ಫೋರ್ತ್

ತಡವಾಯಿತು ಸರ್. ಮೆಸೇಜ್ ತಲುಪುವಷ್ಟರಲ್ಲಿ ಸ್ಟಾರ್ಟ್ ಮಾಡಿಬಿಟ್ಟಿದ್ದರು. ತಣ್ಣನೆ ಎಣ್ಣೆಯಲ್ಲಿ 5.8ಕ್ಕೆ ಹೋಯಿತಂತೆ, ಗಾಬರಿಯಾಗಿ ನಿಲ್ಲಿಸಿದರು. ಫಿಲ್ಟರ್ ಕವರ್ ಜಾಯಿಂಟ್‌ನಿಂದ ಸ್ವಲ್ಪ ಎಣ್ಣೆ ಒಸರಿದೆ, ಬೇರೆ ಏನೂ ಆಗಿಲ್ಲ.

ಸ್ಕ್ರೂ ಮೊದಲು ಎಷ್ಟಿತ್ತು ಅಂತ ಸೆಕೆಂಡ್ ಬರೆದಿಟ್ಟಿಲ್ಲ. ನನ್ನ ಜೇಬು ಪುಸ್ತಕದಲ್ಲಿ ಬರೆದಿದ್ದೆ. ಅದು ಬಾಯ್ಲರ್ ಸೂಟ್ ಜೇಬಿನಲ್ಲಿತ್ತು. ಬಾಯ್ಲರ್ ಸೂಟನ್ನು ನಮ್ಮವ್ವ ಬಂದ ದಿನವೇ ಕಲ್ಲಿಗೆ ಹಾಕಿ ಒಗೆದಿದ್ದಾಳೆ. ಪುಸ್ತಕ ಈಗ ನೀಲಿ ಉಂಡೆ.

ಮಿಲ್_ಮಿಸ್ತ್ರಿ_ಯಾದಗಿರಿ

ಬಿಗಿ ಮಾಡಿದ್ದು ಒಂದೂವರೆ ಅಂತ ನೆನಪಿದ್ದರೆ ಒಂದೂವರೆ ಸಡಿಲ ಮಾಡ್ರಿ. ಎಂಜಿನ್ ಬಿಸಿಯಾದ ಮೇಲೆ ಉಳಿದದ್ದನ್ನು ಕಾಲು ಕಾಲು ಸುತ್ತಿನಲ್ಲಿ ಸರಿ ಮಾಡ್ರಿ. ತಣ್ಣಗಿದ್ದಾಗ ಸೆಟ್ ಮಾಡಿದರೆ ಮತ್ತೆ ಮೋಸ ಹೋಗುತ್ತೀರಿ. ಲಾಕ್ ನಟ್ ಮರೆಯಬೇಡ್ರಿ.

ತೊಗರಿನಾಡು_ಫೋರ್ತ್

ಫೋನಿನಲ್ಲಿ ಹಳೇ ಫೋಟೋ ಸಿಕ್ಕಿತು! ಕೂಲರ್ ಕೆಲಸದ ದಿನ ಯಾವುದಕ್ಕೋ ತೆಗೆದದ್ದು, ಮೂಲೆಯಲ್ಲಿ ರೆಗ್ಯುಲೇಟಿಂಗ್ ವಾಲ್ವ್ ಕಾಣುತ್ತಿದೆ. ಲಾಕ್ ನಟ್ ಮೇಲೆ ಒಂಬತ್ತು ದಾರ ಎಣಿಸಿದೆ. ಕಳಿಸಿದ್ದೇನೆ.

ಚೀಫ್‌ಗೂ ಬರೆದೆ. ಅವರ ಉತ್ತರ ಎರಡೇ ಪದ: "ನೋಟೆಡ್. ಪಂಚ್."

ಮಧ್ಯಾಹ್ನ ಗೆಳೆಯನ ಮೆಸೇಜ್ ಬಂತು. ಎಂಜಿನ್ ಎರಡು ಗಂಟೆಯಿಂದ ಲೋಡ್ ಮೇಲಿದೆ, ಎಣ್ಣೆ 64 ಡಿಗ್ರಿ, ಪ್ರೆಶರ್ 4.6. ಪ್ರೈಮಿಂಗ್ ಮೋಟಾರ್ ಫ್ಯಾನ್ ಅಲ್ಲಾಡುತ್ತಿಲ್ಲ. ಗ್ಯಾಸ್ಕೆಟ್ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ನನ್ನ ಹೆಸರು ಬರೆದು, ಕಂಟ್ರೋಲ್ ರೂಮ್ ಬೋರ್ಡಿಗೆ ಚುಚ್ಚಿದ್ದಾರಂತೆ.

ಮಿಲ್_ಮಿಸ್ತ್ರಿ_ಯಾದಗಿರಿ

ಆ ಫೋಟೋನೂ ಹಾಕ್ರಿ ಇಲ್ಲಿ. ನಮ್ಮ ಮಿಲ್ ಹುಡುಗರಿಗೆ ತೋರಿಸಬೇಕು, ಅವರೂ ಸುತ್ತಿಗೆಯಲ್ಲೇ ಕತ್ತರಿಸುವುದು.